ಪಿಯಾನೊ ಪಕ್ಕವಾದ್ಯವೂ ಸೂತ್ರದ ಗೊಂಬೆಯೂ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಪಿಯಾನೊ ಪಕ್ಕವಾದ್ಯ ನುಡಿಸುವುದು, ಸೂತ್ರದ ಗೊಂಬೆ ಆಡಿಸುವುದು, ಇವೆರಡೇ ನನ್ನ ಉದ್ಯೋಗ ಎಂದರೆ ಮಡಿಕೇರಿಯಲ್ಲಿ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ತೋಟ ಎಷ್ಟು ಎಕರೆ ಎಂದು ವಿಚಾರಿಸುತ್ತಾರೆ. ತೋಟವಿಲ್ಲ. ಸಂಪಾದನೆಯ ಹೆಚ್ಚಿನ ಪಾಲು ವೇದಿಕೆಯಿಂದಲೂ ಬರುವುದಿಲ್ಲ. ಬೆಂಗಳೂರಿನಲ್ಲಿ ಪಾಶ್ಚಾತ್ಯ ಸಂಗೀತದ ಹಂತ ಹಂತದ ಗ್ರೇಡ್ ಪರೀಕ್ಷೆಗೆ ಕೂರುವ ವಯಲಿನ್ ಮತ್ತು ಗಾಯನದ ಮಕ್ಕಳಿಗೆ ಜೊತೆ ನುಡಿಸುವುದರಿಂದ ಬರುತ್ತದೆ. ಕೃತಿಗಳು ಮುಗಿದೊಡನೆ ನಾನು ಕೋಣೆಯಿಂದ ಹೊರಬೀಳಬೇಕು. ಸ್ಕೇಲುಗಳ, ಅಂದರೆ ಸ್ವರಗಳ ಆರೋಹಣ ಅವರೋಹಣದ, ಹೊತ್ತಿಗೆ ನನಗಲ್ಲಿ ಕೆಲಸವಿಲ್ಲ.

ಎರಡೂ ಕೆಲಸಗಳ ಜೀವಾಳ ಉಸಿರು. ಗಾಯಕಿ ಸಾಲು ಎತ್ತಿಕೊಳ್ಳುವ ಮುನ್ನ ಆಕೆಯ ಭುಜ ಏರುವುದನ್ನು ಕಣ್ಣಂಚಿನಲ್ಲೇ ಗಮನಿಸಿ ಅದೇ ಗಳಿಗೆಗೆ ನನ್ನ ಸ್ವರವನ್ನು ಕೂಡಿಸಬೇಕು. ಉಸಿರು ಸಾಲದಂತೆ ಕಂಡರೆ ಕೇಳುಗರಿಗೆ ತಿಳಿಯದ ಹಾಗೆ ಲಯವನ್ನು ತುಸು ಮುಂದಕ್ಕೆ ನೂಕಬೇಕು. ಗೊಂಬೆಯೂ ಅಷ್ಟೇ: ಮಾತಿಗೆ ಮೊದಲು ಅದರ ಎದೆಯನ್ನು ಕೂದಲೆಳೆಯಷ್ಟು ಎತ್ತದಿದ್ದರೆ ಅದು ಬರೀ ಮರವಾಗಿ ಉಳಿಯುತ್ತದೆ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟದಲ್ಲಿ ಸೂತ್ರ ಹಿಡಿದವರು ಭಾಗವತರ ಪದಕ್ಕೆ ಹೆಜ್ಜೆ ಕೂಡಿಸುವುದನ್ನು ನೋಡಿದವರಿಗೆ, ಅವರೂ ಪಕ್ಕವಾದ್ಯದವರೇ ಎನ್ನಿಸದೆ ಇರದು.

ಆಸ್ಟ್ರಿಯಾದ ಸಂಗೀತ ರಚನಕಾರ ಶೂಬರ್ಟ್ 1815ರಲ್ಲಿ ಜರ್ಮನ್ ಕವಿ ಗಯಟೆಯ ಕವಿತೆಗೆ ರಾಗ ಕಟ್ಟಿದ 'ಎರ್ಲ್‌ಕೋನಿಗ್' ಹಾಡಿನಲ್ಲಿ ಈ ನಂಟು ಇನ್ನೂ ಸ್ಪಷ್ಟ. ತಂದೆಯೊಬ್ಬ ಮಗುವನ್ನು ಅಪ್ಪಿಕೊಂಡು ರಾತ್ರಿ ಕುದುರೆಯ ಮೇಲೆ ಧಾವಿಸುವ ಕತೆ ಅದು. ನಿರೂಪಕ, ತಂದೆ, ಮಗು, ಮಾಯಾವಿ, ಈ ನಾಲ್ವರಿಗೂ ಒಬ್ಬನೇ ಗಾಯಕ ದನಿಯಾಗುತ್ತಾನೆ. ಕುದುರೆಯ ಓಟ ಪಿಯಾನೊದ ಬಲಗೈಯಲ್ಲಿದೆ. ಮಾಯಾವಿ ಮಗುವನ್ನು ಪುಸಲಾಯಿಸುವಾಗ ಆ ಓಟವೇ ಹಗುರವಾಗಿಬಿಡುತ್ತದೆ, ಅಂದರೆ ಪಾತ್ರ ಬದಲಾದದ್ದನ್ನು ಕೇಳುಗರಿಗೆ ತಿಳಿಸುವುದರಲ್ಲಿ ಅರ್ಧ ಕೆಲಸ ಪಕ್ಕವಾದ್ಯದ್ದು. ಒಂದು ಎಣಿಕೆಗೆ ಮೂರರಂತೆ ಬಿಡುವಿಲ್ಲದೆ ಬೀಳುವ ಹೊಡೆತಕ್ಕೆ ಮಣಿಕಟ್ಟು ಸೋಲುತ್ತದೆಂದೋ ಏನೋ, ಶೂಬರ್ಟ್ ಹಾಡಿನ ಒಂದು ಪಾಠಾಂತರದಲ್ಲಿ ಅದನ್ನು ಸರಳಗೊಳಿಸಿದ್ದಾನೆ. ಆ ಪಾಠಾಂತರವನ್ನು ನುಡಿಸಲು ನನಗೆ ಸಂಕೋಚವಿಲ್ಲ. ಮರುದಿನ ಇದೇ ಮಣಿಕಟ್ಟು ಗೊಂಬೆಯ ದಾರಗಳನ್ನು ಕಟ್ಟಿದ ಸೂತ್ರದ ಪಟ್ಟಿಯನ್ನು ಹಿಡಿಯಬೇಕು.

ಪಕ್ಕವಾದ್ಯದವರಿಗೆ ಹೆಸರಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ಹಾಡಿಗೆ ಪಿಯಾನೊ ಜೊತೆ ನೀಡುವುದರಲ್ಲಿ ಹೆಸರಾದ ಇಂಗ್ಲೆಂಡಿನ ಜೆರಾಲ್ಡ್ ಮೂರ್ 1967ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ವೇದಿಕೆಗೆ ವಿದಾಯ ಹೇಳಿದಾಗ, ಮೂವರು ಪ್ರಸಿದ್ಧ ಗಾಯಕರು ಅವರಿಗಾಗಿ ಹಾಡಿದರು. ಕೊನೆಗೆ ಅವರು ಶೂಬರ್ಟನ ಒಂದು ಹಾಡನ್ನು ಒಬ್ಬರೇ ಕುಳಿತು ನುಡಿಸಿದರು.

ಕೊಡಗಿನಲ್ಲಿ ಪಿಯಾನೊ, ಗೊಂಬೆ ಎರಡಕ್ಕೂ ದೊಡ್ಡ ಶತ್ರು ಮಳೆ. ತೇವ ಹೀರಿ ಪಿಯಾನೊದ ಸೌಂಡ್‌ಬೋರ್ಡ್, ಅಂದರೆ ನಾದ ಹೊಮ್ಮಿಸುವ ಮರದ ಹಲಗೆ, ಉಬ್ಬಿದರೆ ಶ್ರುತಿ ಏರುತ್ತದೆ, ಕೀಲಿಗಳು ಅಂಟುತ್ತವೆ. ಗೊಂಬೆಯ ಹತ್ತಿದಾರ ಬಿಗಿಯುತ್ತದೆ, ಬಣ್ಣಕ್ಕೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಪಿಯಾನೊದೊಳಗೆ ಸಣ್ಣ ಬಲ್ಬು ಉರಿಯುತ್ತಿರುತ್ತದೆ, ಗೊಂಬೆಗಳು ಒಲೆಯ ಮೇಲಿನ ಅಟ್ಟ ಸೇರುತ್ತವೆ. ಶ್ರುತಿ ಮಾಡುವವರನ್ನು ಕರೆಸುವುದು ತುಲಾ ಸಂಕ್ರಮಣ ಕಳೆದ ಮೇಲೆಯೇ. ಆಗಸ್ಟಿನಲ್ಲಿ ಕೂಡಿಸಿದ ಶ್ರುತಿ ಒಣಹವೆ ಬಂದೊಡನೆ ಇಳಿದುಹೋಗುತ್ತದೆ, ಕೊಟ್ಟ ಹಣವೂ ವ್ಯರ್ಥ.