ತೆಂಗಿನಕಾಯಿಗೆ ಕುಲಾವಿ

ಏಪ್ರಿಲ್ 9

ತಂಗಿಗೆ ಈಗ ಆರನೇ ತಿಂಗಳು. ಜುಲೈಯಲ್ಲಿ ಹೆರಿಗೆ, ಜೂನ್‌ನಲ್ಲಿ ತವರಿಗೆ ಬರುತ್ತಾಳೆ. ತವರು ಅಂದರೆ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ. ಇಲ್ಲಿ ಜುಲೈಯಲ್ಲಿ ಒಗೆದ ಪಂಚೆ ಒಣಗೋಕೆ ನಾಲ್ಕು ದಿನ ಬೇಕು. ಹಾಗಾಗಿ ಕೂಸಿಗೆ ಬೆಚ್ಚಗೆ ಒಂದು ಕುಲಾವಿ, ಒಂದು ಜೊತೆ ಕಾಲುಚೀಲ, ಒಂದು ಹೊದಿಕೆ, ಕೈ ಪಳಗಿದರೆ ಒಂದು ಸ್ವೆಟರ್, ಇಷ್ಟನ್ನು ನಾನೇ ಕ್ರೋಶಾದಲ್ಲಿ (ಕೊಕ್ಕೆ ಮೂತಿಯ ಒಂದೇ ಕಡ್ಡಿಯಿಂದ ದಾರ ಹೆಣೆಯೋದು) ಹಾಕೋದು ಅಂತ ತೀರ್ಮಾನ ಮಾಡಿದೀನಿ. ಸೋದರಮಾವ ಬೆಳ್ಳಿ ಉಡುದಾರ ತರೋದು ಹೇಗೂ ಇದ್ದೇ ಇದೆ.

ಕಲಿಸೋರು ಎದುರುಮನೆ ಅಕ್ಕ. ಊರಿನ ಮದುವೆ ಸೀರೆಗಳಿಗೆಲ್ಲ ಕುಚ್ಚು ಕಟ್ಟೋದು ಅವರೇ. ಅವರ ಕಡ್ಡಿ ಹೊಲಿಗೆ ಸೂಜಿಗಿಂತ ಸ್ವಲ್ಪ ದಪ್ಪ ಅಷ್ಟೇ, ದಾರ ರೇಷ್ಮೆ. ನನ್ನ ಬೆರಳು ನೋಡಿ ನಕ್ಕರು. "ನಿನಗೆ ಇದಾಗಲ್ಲ ತಮ್ಮಾ, ದಪ್ಪ ಉಲ್ಲನ್ನು ತಗೊಂಡು ಬಾ, ನಾಲ್ಕು ಎಂಎಂ ಕಡ್ಡಿ ತಗೊ" ಅಂದರು. ತಗೊಂಡು ಬಂದೆ.

ಒಂದು ವಾರ ಬರೀ ಚೈನು. ಕಡ್ಡಿಗೆ ದಾರ ಸುತ್ತು, ಕುಣಿಕೆಯೊಳಗಿಂದ ಎಳೆ, ಮತ್ತೆ ಸುತ್ತು, ಎಳೆ. ಎಡಗೈ ಕಿರುಬೆರಳಿಗೆ ದಾರ ಒಂದು ಸುತ್ತು ಬಂದು, ತೋರುಬೆರಳ ಮೇಲೆ ಹಾದು ಹೋಗಬೇಕು. ದಾರ ಬಿಗಿಯೋ ಸಡಿಲವೋ ಅನ್ನೋದೆಲ್ಲ ಆ ಎರಡು ಬೆರಳಿನ ಕೈಲಿದೆ. ನನ್ನ ಚೈನು ಹಗ್ಗದ ಹಾಗೆ ಬಿಗಿ. ಎರಡನೇ ಸಾಲಿಗೆ ಬಂದಾಗ ಕಡ್ಡಿಯ ಮೂತಿ ಕುಣಿಕೆಯೊಳಗೆ ತೂರೋದೇ ಇಲ್ಲ.

ಏಪ್ರಿಲ್ 27

ಅಮ್ಮನಿಗೆ ಗೊತ್ತಾಯಿತು.

"ಹುಟ್ಟೋಕೆ ಮುಂಚೆ ಕೂಸಿಗೆ ಎಂತದ್ದೂ ಮಾಡಬಾರದು ಮಾರಾಯ. ಮೊದಲು ಎಲ್ಲ ಸಸೂತ್ರ ಆಗ್ಲಿ."

ವಾದ ಮಾಡೋ ವಿಷಯ ಅಲ್ಲ ಇದು. ಅಮ್ಮನ ಹೆದರಿಕೆಗೆ ಅದರದ್ದೇ ಕಾರಣಗಳಿವೆ, ನಮ್ಮ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಆಡೋದಿಲ್ಲ. ಆದರೆ ಹುಟ್ಟಿದ ಮೇಲೆ ಕಲಿಯೋಕೆ ಕೂತರೆ ಕುಲಾವಿ ಸಿದ್ಧವಾಗೋದು ಅದು ಸ್ಕೂಲಿಗೆ ಹೋಗೋ ಹೊತ್ತಿಗೆ.

ಉಗ್ರಾಣದಲ್ಲಿ ಸುಲಿದ ಕಾಯಿಗಳ ರಾಶಿ ಇತ್ತು. ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸಾಧಾರಣವಾಗಿ 34-35 ಸೆಂಟಿಮೀಟರ್. ಟೇಪು ಹಿಡಿದು ಒಂದೊಂದೇ ಕಾಯಿ ಅಳೆದೆ. ಹನ್ನೊಂದನೆಯದು 34.5. "ನಾನು ಈ ಕಾಯಿಗೆ ಟೋಪಿ ಹಾಕ್ತಿದೀನಿ, ಕೂಸಿಗಲ್ಲ" ಅಂದೆ. ಅಮ್ಮ ಕಾಯಿ ನೋಡಿದಳು, ನನ್ನ ನೋಡಿದಳು. "ಕಾಯಿಗಾದ್ರೆ ಅಡ್ಡಿಲ್ಲ. ಅದನ್ನ ಚಟ್ನಿಗೆ ಒಡೀಬೇಡ ಅಂತ ನಾನೇ ಹೇಳ್ತೀನಿ."

ಮೇ 6

ಮೊದಲನೇ ಕುಲಾವಿ ಮುಗಿಯಿತು. ಸಾಮಾನ್ಯವಾಗಿ ಮಾಡೋ ಲೆಕ್ಕ ಹೀಗೆ: ನಡುವೆ ಒಂದು ಉಂಗುರ, ಅದರೊಳಗೆ 12 ಕಂಬ. (ಕಡ್ಡಿಗೆ ಒಂದು ಸಲ ದಾರ ಸುತ್ತಿಕೊಂಡು ಎರಡೆರಡಾಗಿ ಬಿಡಿಸೋ ಉದ್ದನೆಯ ಹೊಲಿಗೆಯನ್ನು ಅಕ್ಕ ಕಂಬ ಅಂತಾರೆ, ನಾನೂ ಹಾಗೇ ಬರೀತೀನಿ.) ಎರಡನೇ ಸುತ್ತಿನಲ್ಲಿ ಪ್ರತಿ ಕಂಬದ ತಲೆಗೆ ಎರಡೆರಡು, ಒಟ್ಟು 24. ಆಮೇಲೆ ಒಂದು ಬಿಟ್ಟು ಒಂದಕ್ಕೆ ಎರಡು, 36. ಎರಡು ಬಿಟ್ಟು ಒಂದಕ್ಕೆ ಎರಡು, 48. ಸುತ್ತಿಗೆ ಹನ್ನೆರಡು ಏರುತ್ತಾ ಹೋದರೆ ಚಪ್ಪಟೆ ದೋಸೆ. ಕಡಿಮೆ ಏರಿಸಿದರೆ ಬಟ್ಟಲು, ಜಾಸ್ತಿ ಏರಿಸಿದರೆ ಅಂಚು ಹಪ್ಪಳದ ಹಾಗೆ ಅಲೆ ಅಲೆ. ಬೇಕಾದಷ್ಟು ಅಗಲ ಆದಮೇಲೆ ಏರಿಸೋದು ನಿಲ್ಲಿಸಿದರೆ ತಾನೇ ಗೋಡೆ ಏಳುತ್ತೆ.

ಸೊಸೈಟಿಯಲ್ಲಿ ಹದಿಮೂರು ವರ್ಷದಿಂದ ಅಡಿಕೆ ಲೆಕ್ಕ ಬರೆಯುತ್ತಿದೀನಿ, ಒಂದು ಮೂಟೆ ಹೆಚ್ಚು ಕಡಿಮೆ ಆಗಿಲ್ಲ. ಇಲ್ಲಿ 36 ಕಂಬ ಎಣಿಸಿದರೆ ಒಮ್ಮೆ 35, ಒಮ್ಮೆ 38. ಸುತ್ತಿನ ಶುರುವಿಗೆ ಮೇಲೇರೋಕೆ ಹಾಕುವ ಮೂರು ಚೈನು ಕೂಡ ಒಂದು ಕಂಬ ಅಂತಲೇ ಲೆಕ್ಕ. ಅದನ್ನ ಒಮ್ಮೆ ಎಣಿಸ್ತಿದ್ದೆ, ಒಮ್ಮೆ ಬಿಡ್ತಿದ್ದೆ. ಈಗ ಅಲ್ಲಿಗೆ ಒಂದು ಸೇಫ್ಟಿ ಪಿನ್ನು ಚುಚ್ಚಿಡ್ತೀನಿ.

ಸರಿ, 48 ಬಂತು. ಕಾಯಿಗೆ ಹಾಕಿದರೆ ಬರೀ ಜುಟ್ಟು ಮುಚ್ಚಿತು. ಸುತ್ತಳತೆ 27 ಸೆಂಟಿಮೀಟರ್! ಎಣಿಕೆ ಸರಿ, ಅಳತೆ ತಪ್ಪು. ಅಕ್ಕ ಟೇಪಿಟ್ಟು ತೋರಿಸಿದರು: ನನ್ನ ಕೈಯಲ್ಲಿ 10 ಸೆಂಟಿಮೀಟರಿಗೆ 18 ಕಂಬ ಕೂತಿದ್ದವು, ಆ ಉಲ್ಲನ್ನಿಗೆ ಇರಬೇಕಾದ್ದು 14. ನಾಲ್ಕು ಕಂಬದ ಬಿಗಿತ ಏಳು ಸೆಂಟಿಮೀಟರ್ ತಲೆ ತಿಂದು ಹಾಕಿತ್ತು. ಏನೇ ಹಾಕುವ ಮುಂಚೆ ಅಂಗೈಯಷ್ಟು ಚೌಕ ಹಾಕಿ ಅಳೆದು ನೋಡು ಅಂತ ಎಲ್ಲರೂ ಹೇಳೋದು ಇದಕ್ಕೇ. ನಾನು ಬಿಟ್ಟಿದ್ದೂ ಅದನ್ನೇ.

ಅದು ಈಗ ಉಪ್ಪಿನಕಾಯಿ ಭರಣಿಯ ಬಾಯಿಗೆ ಸರಿಯಾಗಿ ಕೂತಿದೆ.

ಮೇ 22

ಒಂದು ಗೊಂದಲ ಬಿಡಿಸಿಕೊಂಡೆ, ಹೊಸಬರಿಗೆ ಉಪಯೋಗ ಆಗಬಹುದು. ನಾನು ನೋಡೋ ವಿಡಿಯೋದಲ್ಲಿ ಡಬಲ್ ಕ್ರೋಶಾ ಅಂದರೆ ಉದ್ದನೆ ಕಂಬ. ತಂಗಿ ಕಳಿಸಿದ ಇಂಗ್ಲಿಷ್ ಪ್ಯಾಟರ್ನಿನಲ್ಲೂ ಡಬಲ್ ಅಂತಲೇ ಇತ್ತು, ಅದರಂತೆ ಹಾಕಿದರೆ ಚಿತ್ರದಲ್ಲಿರೋದಕ್ಕಿಂತ ಎರಡು ಪಟ್ಟು ಎತ್ತರ. ಕಾರಣ, ಅಮೆರಿಕದವರ ಸಿಂಗಲ್ (ಗಿಡ್ಡ ಹೊಲಿಗೆ) ಬ್ರಿಟನ್ನಿನವರಿಗೆ ಡಬಲ್. ಅಮೆರಿಕದ ಡಬಲ್ ಅಲ್ಲಿ ಟ್ರೆಬಲ್. ಪ್ಯಾಟರ್ನಿನಲ್ಲಿ ಎಲ್ಲೂ ಸಿಂಗಲ್ ಅನ್ನೋ ಮಾತೇ ಕಾಣದಿದ್ದರೆ ಅದು ಬ್ರಿಟನ್ ಲೆಕ್ಕದ್ದು ಅಂತ ಅನುಮಾನ ಪಡಬೇಕು. ಇದನ್ನ ಅಕ್ಕನಿಗೆ ವಿವರಿಸಿದೆ. "ಗಿಡ್ಡ, ಉದ್ದ ಅಂದ್ರೆ ಮುಗೀತಲ್ಲ" ಅಂದರು.

ಜೂನ್ 18

ತಂಗಿ ಬಂದಳು. ಮಳೆಯೂ ಬಂತು. ಕಾಯಿಯ ತಲೆ ಮೇಲೆ ಎರಡನೇ ಕುಲಾವಿ, ಹಳದಿ, 33 ಸೆಂಟಿಮೀಟರ್. ಟೋಪಿ ತಲೆಗಿಂತ ಒಂದೆರಡು ಸೆಂಟಿಮೀಟರ್ ಚಿಕ್ಕದಿದ್ದರೇ ಜಾರದೆ ನಿಲ್ಲೋದು. ತಂಗಿ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಅದರ ಮೂರು ಕಣ್ಣು ನೋಡಿ, "ಅಣ್ಣಾ, ಇದಕ್ಕೆ ನಿನ್ನ ಮುಖ" ಅಂದಳು.

ಹೊದಿಕೆ ಶುರು ಮಾಡಿದೀನಿ. 90 ಕಂಬ, ಬರೀ ಹೋಗೋದು ಬರೋದು, ಯಾರಾದರೂ ಹಾಕಬಹುದು ಅಂದುಕೊಂಡಿದ್ದೆ. ಒಂದು ಅಡಿ ಆದಮೇಲೆ ನೆಲಕ್ಕೆ ಹಾಸಿ ನೋಡಿದರೆ ಮೇಲೆ ಸಣ್ಣ, ಕೆಳಗೆ ಅಗಲ. ಎಣಿಸಿದೆ, 71. ಸಾಲಿನ ಕೊನೆಯ ಕಂಬ ಆ ಮೂರು ಚೈನಿನ ತಲೆಗೆ ಬೀಳಬೇಕು, ಅದು ಕಂಬದ ಹಾಗೆ ಕಾಣೋದಿಲ್ಲ ಅಂತ ನಾನು ಅದನ್ನ ಹಾರಿಸಿ ಹಾರಿಸಿ ಹತ್ತೊಂಬತ್ತು ಕಂಬ ಕಳೆದುಕೊಂಡಿದ್ದೆ. ಬಿಚ್ಚಿದೆ. ಹನ್ನೆರಡು ರಾತ್ರಿಯ ಕೆಲಸ, ಬಿಚ್ಚೋಕೆ ಆರು ನಿಮಿಷ. ತಂಗಿ ಉಂಡೆ ಸುತ್ತಿಕೊಟ್ಟಳು.

ಜುಲೈ 19

ಹೆಣ್ಣು. ಎಲ್ಲ ಸಸೂತ್ರ. ತಲೆ 34.

ಜುಲೈ 22

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅಮ್ಮ ತಾನೇ ಹೋಗಿ ಕಾಯಿಯ ತಲೆಯಿಂದ ಕುಲಾವಿ ತೆಗೆದು ಕೂಸಿಗೆ ಹಾಕಿದಳು. ನನಗೆ ಒಂದು ಮಾತೂ ಹೇಳಲಿಲ್ಲ. ಕಿವಿ ಮುಚ್ಚಿತು, ಹುಬ್ಬಿನ ಮೇಲೆ ನಿಂತಿತು. ನಾನು ಹಿಂದಿನ ಕೋಣೆಗೆ ಹೋಗಿ ಸುಮ್ಮನೆ ಒಂದು ಚೈನು ಹಾಕಿ ಬಿಚ್ಚಿದೆ.

ಆಗಸ್ಟ್ 3

ಕೂಸಿನ ನೋಡೋಕೆ ಬಂದ ಆಶಾ ಕಾರ್ಯಕರ್ತೆ ನನ್ನ ಕೆಲಸವನ್ನು ತಿರುಗಿಸಿ ತಿರುಗಿಸಿ ನೋಡಿದರು. ಗದ್ದದ ಕೆಳಗೆ ಕಟ್ಟೋಕೆ ಅಂತ ಅಮ್ಮ ಹಾಕಿಸಿದ್ದ ದಾರ ತೆಗೆಸಿದರು, ಕುತ್ತಿಗೆಗೆ ಸುತ್ತಿಕೊಳ್ಳುತ್ತೆ ಅಂತ. ಮಲಗಿದಾಗ ಕುಲಾವಿ ಬೇಡ, ಮುಖದ ಮೇಲೆ ಜಾರುತ್ತೆ, ಮೈ ಕಾವೂ ಜಾಸ್ತಿಯಾಗುತ್ತೆ ಅಂದರು. ಆಮೇಲೆ ಕಾಲುಚೀಲದ ಒಳಗೆ ಬೆರಳು ಹಾಕಿ ಒಂದು ಎಳೆ ಹೊರಗೆಳೆದರು. ದಾರದ ತುದಿಯನ್ನು ನಾನು ಒಳಗಡೆ ಹಾಗೇ ಬಿಟ್ಟಿದ್ದೆ. ಅದು ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತ ನಿಲ್ಲುತ್ತೆ, ಕೂಸು ಅಳುತ್ತೆ, ಯಾಕೆ ಅಂತ ಯಾರಿಗೂ ತಿಳಿಯೋದಿಲ್ಲ. ಎದೆ ಧಸಕ್ಕೆಂದಿತು. ಈಗ ಪ್ರತಿ ತುದಿಯನ್ನೂ ದಬ್ಬಳದಲ್ಲಿ ಒಂದು ಕಡೆಗೆ ಪೋಣಿಸಿ, ಹಿಂದಕ್ಕೆ ತಿರುಗಿಸಿ ಇನ್ನೊಂದು ಸಲ ಪೋಣಿಸಿ, ಒಳಮೈ ಹೊರಗೆ ಮಾಡಿ ಕಿರುಬೆರಳಿನಿಂದ ತಡವಿ ನೋಡದೆ ಯಾವುದನ್ನೂ ಒಳಗೆ ಕೊಡೋದಿಲ್ಲ.

ಅಕ್ಕ ಕುಲಾವಿಗೆ ಕುಚ್ಚಿನ ಮಣಿ ಹಾಕಿಕೊಡ್ತೀನಿ ಅಂತ ಬಂದಿದ್ದರು. ಬೇಡ ಅಂದೆ, ಬಾಯಿಗೆ ಹೋಗುತ್ತೆ. ಸ್ವಲ್ಪ ಬೇಜಾರು ಮಾಡಿಕೊಂಡರು.

ಆಗಸ್ಟ್ 11

ಈ ಸಲದ್ದು ದೊಡ್ಡ ಪಾಠ, ಪುಣ್ಯಕ್ಕೆ ಕಾಲುಚೀಲದ ಮೇಲೆ ಮಾತ್ರ ಮುಗಿಯಿತು.

ಬಾಣಂತಿ ಮನೆಯಲ್ಲಿ ಬಚ್ಚಲೊಲೆ ಆರೋದಿಲ್ಲ. ನೀರು ಕಾಯಿಸಿ ಉಳಿದ ಕೆಂಡದ ಮೇಲೆ ಬುಟ್ಟಿ ಕವುಚಿ ಕೂಸಿನ ಬಟ್ಟೆ ಒಣಗಿಸೋದು ಮಳೆಗಾಲದ ರೂಢಿ. ಅಮ್ಮ ನನ್ನ ಬಿಳಿ ಕಾಲುಚೀಲಗಳನ್ನೂ ಅಲ್ಲೇ ಇಟ್ಟಳು. ಒಂದು ಬುಟ್ಟಿಯಿಂದ ಜಾರಿ ಕೆಂಡದ ಪಕ್ಕ ಬಿದ್ದಿದೆ. ಎತ್ತಿದಾಗ ಅರ್ಧ ಮೆತ್ತಗೆ, ಅರ್ಧ ಪ್ಲಾಸ್ಟಿಕ್ ಮುಚ್ಚಳ. ಹಿಮ್ಮಡಿಯ ಕಡೆ ಸುಟ್ಟಿರಲಿಲ್ಲ, ಕರಗಿ, ಹೊಳೆಯೋ ಹಾಗೆ ಗಟ್ಟಿಯಾಗಿತ್ತು.

ಉಲ್ಲನ್ನು ಉಲ್ಲನ್ನು ಅಂತ ನಾವೆಲ್ಲ ಕರೆಯೋ ಈ ಅಂಗಡಿ ಉಂಡೆಯ ಪಟ್ಟಿ ಆಮೇಲೆ ಓದಿದೆ: ನೂರಕ್ಕೆ ನೂರು ಆಕ್ರಿಲಿಕ್. ಕುರಿಗೂ ಅದಕ್ಕೂ ಸಂಬಂಧವೇ ಇಲ್ಲ. ಮನೆಯಲ್ಲಿದ್ದ ಎಳೆಗಳನ್ನೆಲ್ಲ ತಂದು ಅಂಗಳದಲ್ಲಿ ಕಡ್ಡಿ ಗೀರಿ ನೋಡಿದೆ. ಹತ್ತಿ ದಾರ ಕಾಗದದ ಹಾಗೆ ಉರಿದು ಬೂದಿಯಾಯಿತು. ಅಜ್ಜನ ಹಳೇ ಕಂಬಳಿಯ ಎಳೆ ಕೂದಲು ಸುಟ್ಟ ವಾಸನೆ ಕೊಟ್ಟು ತಾನೇ ಆರಿತು. ನನ್ನ ಉಂಡೆಯ ಎಳೆ ಕರಗಿ ಕಪ್ಪು ಮಣಿಯಾಗಿ ಗಟ್ಟಿಯಾಯಿತು. ಬೆಂಕಿ, ಹಣತೆ, ಧೂಪದ ಮಧ್ಯೆ ಬೆಳೆಯೋ ಕೂಸಿನ ಮೈಮೇಲೆ ಅದು ಬೇಡ ಅಂತ ಅವತ್ತೇ ಅನ್ನಿಸಿತು.

ಶಿವಮೊಗ್ಗಕ್ಕೆ ಹೋದಾಗ ಹತ್ತಿ ದಾರ ತಂದೆ. ತೊಂದರೆ ಏನಂದರೆ ಹತ್ತಿ ಬೇಗ ಒಣಗೋದಿಲ್ಲ, ಉಲ್ಲನ್ನಿನ ಹಾಗೆ ಹಿಗ್ಗಿ ಕುಗ್ಗೋದೂ ಇಲ್ಲ, ಕೈಗೂ ಗಡಸು. ಆದರೂ ಅದೇ. ನಾಲ್ಕೇ ಉಂಡೆ ತಂದಿದ್ದು ತಪ್ಪಾಯಿತು. ಮತ್ತೆ ಹೋದಾಗ ಅದೇ ನಂಬರಿನ ಬಣ್ಣ ಸಿಕ್ಕಿತು, ಲಾಟ್ (ಒಟ್ಟಿಗೆ ಬಣ್ಣಕ್ಕೆ ಅದ್ದಿದ ಕಂತು) ಬೇರೆ. ಅಂಗಡಿ ದೀಪದಲ್ಲಿ ಒಂದೇ ಅನ್ನಿಸಿದ್ದು ಮನೆ ಜಗಲಿಯಲ್ಲಿ ಮಜ್ಜಿಗೆಯೂ ಹಾಲೂ ಪಕ್ಕಪಕ್ಕ ಇಟ್ಟ ಹಾಗೆ ಕಂಡಿತು. ಹತ್ತಿಯಲ್ಲಿ ಹಾಕಿದ ಹೊದಿಕೆಯಲ್ಲಿ ಆ ಗೆರೆ ಇದೆ. ಬೇಕಂತಲೇ ಹಾಕಿದ್ದು ಅಂತ ಹೇಳ್ತಾ ಇದೀನಿ.

ಸೆಪ್ಟೆಂಬರ್ 20

ಡೈರಿಯ ಹಿಂದಿನ ಹಾಳೆಯಲ್ಲಿ ಕೂಸಿನ ತಲೆಯ ಲೆಕ್ಕ: ಹುಟ್ಟಿದಾಗ 34, ಒಂದು ತಿಂಗಳಿಗೆ 36.5, ಎರಡಕ್ಕೆ 38. ಪಕ್ಕದಲ್ಲಿ ನನ್ನ ಕುಲಾವಿಗಳ ಲೆಕ್ಕ: 27, 33, 34.5, 36. ಮೂರನೆಯದನ್ನು ಮುಗಿಸಿದ ವಾರಕ್ಕೇ ಬಿಗಿ, ನಾಲ್ಕನೆಯದು ಹತ್ತು ದಿನ ಬಾಳಿತು. ನಾನು ವಾರಕ್ಕೆ ಆರು ಸುತ್ತು ಹಾಕಿದರೆ ಅವಳು ಅಷ್ಟರಲ್ಲಿ ಅರ್ಧ ಸೆಂಟಿಮೀಟರ್ ಮುಂದೆ ಹೋಗಿರುತ್ತಾಳೆ. ಈಗ ಎರಡು ತಿಂಗಳು ಮುಂದಿನ ಅಳತೆಗೆ ಹಾಕ್ತಾ ಇದೀನಿ. ಅಂಚಿಗೆ ಅಡ್ಡಪಟ್ಟಿ ಬೇರೆ ಹಾಕಿ ಸೇರಿಸೋದನ್ನು ಕಲಿತೆ. ಪ್ರತಿ ಹೊಲಿಗೆಯ ತಲೆಯಲ್ಲಿ ಎರಡು ಎಳೆ ಇರುತ್ತೆ, ಅದರಲ್ಲಿ ಹಿಂದಿನ ಎಳೆಯೊಳಗೆ ಮಾತ್ರ ಕಡ್ಡಿ ತೂರಿಸುತ್ತಾ ಹೋದರೆ ಗೀರು ಗೀರಾಗಿ ಮೂಡಿ ರಬ್ಬರಿನ ಹಾಗೆ ಹಿಗ್ಗುತ್ತೆ. ಹತ್ತಿಯಲ್ಲೂ ಸಾಕಷ್ಟು ಹಿಗ್ಗುತ್ತೆ. ಮಡಚಿ ಹಾಕಿದರೆ ಈಗಕ್ಕೆ, ಬಿಚ್ಚಿದರೆ ಚಳಿಗಾಲಕ್ಕೆ.

ಕಾಲುಚೀಲದ ಕಥೆ ಬೇರೆ. ಒಂದು ಸೋಮವಾರ ಹಾಕಿದ್ದು, ಇನ್ನೊಂದು ಸೊಸೈಟಿ ಆಡಿಟ್ ವಾರದಲ್ಲಿ ಹಾಕಿದ್ದು. ಒಂದೇ ದಾರ, ಒಂದೇ ಕಡ್ಡಿ, ಒಂದೇ ಎಣಿಕೆ. ಅಂಗಾಲು ಒಂದು 9 ಸೆಂಟಿಮೀಟರ್, ಇನ್ನೊಂದು 8. ಆಡಿಟ್ಟಿನ ಬಿಗಿ ದಾರದಲ್ಲೂ ಕೂತಿದೆ. ಈಗ ಎರಡನ್ನೂ ಒಟ್ಟೊಟ್ಟಿಗೆ ಹಾಕ್ತೀನಿ, ಇದಕ್ಕೆರಡು ಸುತ್ತು, ಅದಕ್ಕೆರಡು ಸುತ್ತು.

ಅಕ್ಟೋಬರ್ 19

ಮೂರು ತಿಂಗಳು. ತಲೆ 39.5. ಐದನೇ ಕುಲಾವಿ, ಪಟ್ಟಿ ಒಂದು ಮಡಿಕೆ ಮಡಚಿ, ಸರಿಯಾಗಿದೆ! ಮೊದಲ ಸಲ ನಾನು ಅವಳಿಗಿಂತ ಮುಂದೆ.

ತೋಳಿಲ್ಲದ ಸ್ವೆಟರ್ ಅರ್ಧ ಆಗಿದೆ. ಕುತ್ತಿಗೆಯಿಂದ ಕೆಳಗೆ ಇಳಿಸೋ ರೀತಿಯದ್ದು, ನಾಲ್ಕು ಮೂಲೆಯಲ್ಲಿ ಪ್ರತಿ ಸಾಲೂ ಏರಿಸುತ್ತಾ ಹೋಗೋದು, ಹಾಕ್ತಾ ಹಾಕ್ತಾ ಮೈಮೇಲಿಟ್ಟು ನೋಡಬಹುದು ಅನ್ನೋದೇ ಅದರ ಸುಖ. ಇನ್ನು ಕಾಯಿಯ ಮೇಲಲ್ಲ, ಅವಳ ಮೇಲೇ ಇಟ್ಟು ನೋಡ್ತೀನಿ. ಅವಳು ದಾರ ಹಿಡಿದುಕೊಂಡು ಬಿಡೋದಿಲ್ಲ. ಬೆರಳು ಒಂದೊಂದಾಗಿ ಬಿಡಿಸಬೇಕು, ಅಷ್ಟರಲ್ಲಿ ಇನ್ನೊಂದು ಕೈ ಹಿಡಿದಿರುತ್ತೆ.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅಮ್ಮ, ಸಾಗರದ ಚಿಕ್ಕಮ್ಮನ ಮಗಳಿಗೆ ಮೂರು ತಿಂಗಳಂತೆ, ಯಾರಿಗೂ ಹೇಳಬೇಡ ಅಂದಳು. ಹೇಳೋದಿಲ್ಲ ಅಂದೆ. ಅನ್ನ ಬಡಿಸಿದಳು, ಸಾರು ಬಡಿಸಿದಳು.

"ಉಗ್ರಾಣದಲ್ಲಿ ಬಲಗಡೆ ಒಂದು ಕಾಯಿ ಬೇರೆ ಇಟ್ಟಿದೀನಿ. ಅಳದು ನೋಡು ಸರಿ ಇದ್ಯಾ ಅಂತ."