ಕಡೆಯ ಸಾಲಿಗೂ ಮುಟ್ಟುವ ದನಿ

ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆಗೆ ನಮ್ಮ ಮನೆಗೆ ನೆಂಟರು ಬರುತ್ತಾರೆ, ದಾವಣಗೆರೆಗೆ ನಾಟಕ ಕಂಪನಿಗಳು ಬರುತ್ತವೆ. 2024ರ ಮಾರ್ಚ್‌ನಲ್ಲಿ ನೆಂಟರೆಲ್ಲ ಊರು ಸೇರಿ, ತೊಳೆದ ಹಂಡೆಗಳನ್ನು ಅಟ್ಟಕ್ಕೆ ಏರಿಸಿದ ಸಂಜೆ ಅವ್ವ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಳು. "ನಾಟಕಕ್ಕೆ ಹೋಗೋಣ" ಎಂದಳು. ಎಪ್ಪತ್ತಾರು ವರ್ಷ, ಎರಡೂ ಮಂಡಿ ನೋವು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ.

ಅವ್ವನಿಗೆ ನಾಟಕವೆಂದರೆ ಚಿಂದೋಡಿ ಲೀಲಾ. ನನ್ನ ಅಜ್ಜ ಇಲ್ಲಿನ ಹತ್ತಿ ಗಿರಣಿಯಲ್ಲಿ ದುಡಿಯುತ್ತಿದ್ದರು. ಸಂಬಳದ ವಾರ ಲೀಲಾ ಅವರ ಕೆ.ಬಿ.ಆರ್. ನಾಟಕ ಕಂಪನಿ ಊರಲ್ಲಿದ್ದರೆ ಮನೆಮಂದಿಗೆಲ್ಲ ಒಂದು ಆಟ. ಅವ್ವ 'ಹಳ್ಳಿ ಹುಡುಗಿ' ನಾಟಕವನ್ನು ಎಷ್ಟು ಸಲ ನೋಡಿದ್ದಳೆಂದರೆ, ಮದುವೆಯಾಗಿ ಬಂದ ಮೇಲೆ ಒಲೆಯ ಮುಂದೆ ಕುಳಿತು ರೊಟ್ಟಿ ತಟ್ಟುತ್ತಾ ಎಲ್ಲರ ಮಾತನ್ನೂ ತಾನೇ ಹೇಳುತ್ತಿದ್ದಳು. ನಾಯಕಿಯ ಮಾತು ಬಂದಾಗ ಮಾತ್ರ ತಟ್ಟುವ ಕೈ ನಿಲ್ಲುತ್ತಿತ್ತು.

ಲೀಲಾ ನಮ್ಮ ಊರಿನವರೇ. ತಂದೆ ಚಿಂದೋಡಿ ವೀರಪ್ಪ ಕಟ್ಟಿದ ಕಂಪನಿಯಲ್ಲೇ ಬೆಳೆದು, ಅಲ್ಲೇ ಬಣ್ಣ ಹಚ್ಚಿದವರು. ಸಿನಿಮಾಕ್ಕೂ ಹೋದರು. 1961ರ 'ಕಿತ್ತೂರು ಚೆನ್ನಮ್ಮ'ದಲ್ಲಿದ್ದಾರೆ, ಪುಟ್ಟಣ್ಣ ಕಣಗಾಲರ 'ಶರಪಂಜರ'ದಲ್ಲಿದ್ದಾರೆ. ಟಿ.ವಿ.ಯಲ್ಲಿ 'ಶರಪಂಜರ' ಬಂದಾಗಲೆಲ್ಲ ಊರಿಗೆ ಊರೇ ಕಲ್ಪನಾಗಾಗಿ ಕಣ್ಣೀರಿಡುತ್ತದೆ. ಅವ್ವ ಮಾತ್ರ ಲೀಲಾ ಕಾಣಿಸುವ ಹೊತ್ತಿಗೆ ಕಾದು ಕುಳಿತಿದ್ದು, ಆಮೇಲೆ ಎದ್ದು ಒಳಗೆ ಹೋಗುತ್ತಾಳೆ. "ಇದು ಲೀಲಮ್ಮ ಅಲ್ಲ, ಲೀಲಮ್ಮನ ಒಂದು ಚಿಟಿಕೆ" ಎನ್ನುತ್ತಾಳೆ. ಚಿಕ್ಕಂದಿನಲ್ಲಿ ಈ ಮಾತು ನನಗೆ ಅರ್ಥವಾಗುತ್ತಿರಲಿಲ್ಲ. ಈಗ ಅದೇ ಸರಿ ಅನ್ನಿಸುತ್ತದೆ. ಸಿನಿಮಾದ ಆ ಕೆಲವು ನಿಮಿಷ ಉಳಿದಿವೆ, ಬೇಕೆಂದಾಗ ಮೊಬೈಲ್‌ನಲ್ಲಿ ಸಿಗುತ್ತವೆ. ಆಯುಷ್ಯವೆಲ್ಲ ಸುರಿದ ಆ ಸಾವಿರಾರು ರಾತ್ರಿಗಳು ಎಲ್ಲಿವೆ? ನೋಡಿದವರ ಒಳಗಿವೆ. ಅವರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಜೊತೆಗೆ ಕಂಪನಿಯ ಭಾರ. ವೃತ್ತಿ ರಂಗಭೂಮಿಯಲ್ಲಿ ಮಾಲೀಕರ ಮನೆಯ ನಟಿಗೆ ಪಾತ್ರ ಮುಗಿದರೂ ಕೆಲಸ ಮುಗಿಯುವುದಿಲ್ಲ. ಮುಂದಿನ ಮೊಕ್ಕಾಮಿಗೆ ಜಾಗ ಗೊತ್ತು ಮಾಡಬೇಕು, ತಗಡು, ಪರದೆ, ಸೀನರಿಯನ್ನೆಲ್ಲ ಲಾರಿಗೆ ಹೇರಿಸಬೇಕು. ಮಳೆ ಹಿಡಿದು ಗೇಟಿನಲ್ಲಿ ಕಾಸು ಬೀಳದ ದಿನವೂ ಅಡುಗೆಮನೆಯಲ್ಲಿ ಅನ್ನ ಬೇಯಬೇಕು. ಇಷ್ಟರ ನಡುವೆ ನಗುವ, ಅಳುವ, ಹಾಡುವ ಹೆಣ್ಣಾಗಿ ರಾತ್ರಿ ಬೆಳಕಿಗೆ ಬರಬೇಕು. ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು, ಮುಂದೆ ನಾಟಕ ಅಕಾಡೆಮಿಯ ಅಧ್ಯಕ್ಷರೂ ಆದರು. ಆ ಗೌರವ ಅವರ ಅಭಿನಯಕ್ಕೆ ಎಷ್ಟೋ, ಅವರು ಹಚ್ಚಿಟ್ಟ ಆ ಒಲೆಗೂ ಅಷ್ಟೇ ಎಂದು ನಾನು ತಿಳಿದಿದ್ದೇನೆ. 2010ರ ಜನವರಿಯಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ಪತ್ರಿಕೆಯನ್ನು ಅವ್ವ ಮಡಚಿ ತನ್ನ ಟ್ರಂಕಿನಲ್ಲಿ, ಮದುವೆ ಸೀರೆಯ ಕೆಳಗೆ ಇಟ್ಟಿದ್ದಾಳೆ.

ಆ ರಾತ್ರಿ ತಗಡಿನ ಥಿಯೇಟರಿನಲ್ಲಿ ನಾವು ಮೂರನೇ ಸಾಲಿನಲ್ಲಿ ಕುಳಿತೆವು. ಹಾಸ್ಯದ ಮಾತು ಹೆಚ್ಚು, ಮೈಕಿನ ಸದ್ದು ಇನ್ನೂ ಹೆಚ್ಚು. ಅವ್ವ ಎರಡು ಬಾರಿ ಕಿವಿ ಮುಚ್ಚಿಕೊಂಡಳು. ಕರೆತಂದದ್ದೇ ತಪ್ಪಾಯಿತೇನೋ ಎಂದುಕೊಂಡೆ. ಮಧ್ಯಂತರ ಕಳೆದ ಮೇಲೆ ತಾಯಿಯ ಪಾತ್ರದ ನಟಿಯೊಬ್ಬಳು ಬಂದಳು. ಅವಳ ಮಾತಿನ ನಡುವೆ ವಿದ್ಯುತ್ ಹೋಯಿತು. ಜನರೇಟರ್ ಶುರುವಾಗುವಷ್ಟರಲ್ಲಿ ಎರಡು ಮೂರು ನಿಮಿಷ. ಆಕೆ ಮಾತು ನಿಲ್ಲಿಸಲಿಲ್ಲ. ಮೈಕಿಲ್ಲ, ಬೆಳಕಿಲ್ಲ, ಹಾರ್ಮೋನಿಯಂ ಮಾಸ್ತರರು ಒಂದೇ ಸ್ವರವನ್ನು ಹಿಡಿದು ಕುಳಿತಿದ್ದರು. ಆ ಕತ್ತಲಲ್ಲಿ ಮಗನನ್ನು ಕಳೆದುಕೊಂಡವಳ ದನಿ ಹಿಂದಿನ ತಗಡಿಗೆ ತಾಗಿ ನಮ್ಮ ಬೆನ್ನಿಗೆ ಬಂತು. ಸಿಳ್ಳೆ ಹೊಡೆಯುತ್ತಿದ್ದ ಹುಡುಗರೂ ಸುಮ್ಮನಾದರು. ಅವ್ವ ನನ್ನ ಮುಂಗೈ ಹಿಡಿದಳು. "ಹೀಗೆ. ಹೀಗೆಯೇ ಕೇಳುತ್ತಿತ್ತು" ಎಂದಳು.

ಆಟ ಮುಗಿದ ಮೇಲೆ ಅವಳನ್ನು ನೋಡದೆ ಬರುವುದಿಲ್ಲವೆಂದು ಅವ್ವ ಹಟ ಹಿಡಿದಳು. ಗೇಟಿನಲ್ಲಿದ್ದ ಹುಡುಗ ಅವ್ವನ ಮುಖ ನೋಡಿ ದಾರಿ ಬಿಟ್ಟ. ಪರದೆಯ ಹಿಂದೆ ಆ ನಟಿ ಕಬ್ಬಿಣದ ಕುರ್ಚಿಯಲ್ಲಿ ಕುಳಿತು ಕೊಬ್ಬರಿ ಎಣ್ಣೆ ಅದ್ದಿದ ಬಟ್ಟೆಯಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಬೂದುಬಣ್ಣ ಬಳಿದ ಕೂದಲಿನ ಕೆಳಗೆ ಮೂವತ್ತು ದಾಟಿರದ ಮುಖ ತುಂಡು ತುಂಡಾಗಿ ಹೊರಬರುತ್ತಿತ್ತು. ತೆಗೆದ ಪಿನ್ನುಗಳನ್ನು ಒಂದೊಂದಾಗಿ ರವಿಕೆಯ ಅಂಚಿಗೆ ಸಿಕ್ಕಿಸಿಕೊಂಡಿದ್ದಳು. ಪಕ್ಕದ ವೇಷದ ಪೆಟ್ಟಿಗೆಯ ಮೇಲೆ ಒಂದು ಮಗು ಮಲಗಿತ್ತು.

"ನಾನು ಲೀಲಮ್ಮನ ನಾಟಕ ನೋಡಿದವಳು ತಾಯಿ" ಎಂದಳು ಅವ್ವ. ಹೆಸರು, ಊರು ಯಾವುದನ್ನೂ ಹೇಳಲಿಲ್ಲ, ಅದನ್ನೇ ಹೇಳಿದಳು.

ಆ ಹೆಣ್ಣುಮಗಳು ಎದ್ದುಬಿಟ್ಟಳು. ಎಣ್ಣೆಗೈಯನ್ನು ಸೀರೆಗೆ ಒರೆಸಿಕೊಂಡು ಅವ್ವನ ಕಾಲು ಮುಟ್ಟಿದಳು. ಅವ್ವನನ್ನು ತನ್ನ ಕುರ್ಚಿಯಲ್ಲಿ ಕೂರಿಸಿದಳು. "ನಮ್ಮ ತಾಯಿಯೂ ಅವರ ಹೆಸರು ಹೇಳಿಯೇ ಬಣ್ಣ ಹಚ್ಚುತ್ತಿದ್ದರು ಅವ್ವಾ, ನಾನು ನೋಡಲಿಲ್ಲ. ಅವರು ಬಂದು ನಿಲ್ಲುತ್ತಿದ್ದದ್ದು ಹೇಗೆ, ಸ್ವಲ್ಪ ತೋರಿಸುತ್ತೀರಾ?"

ನಾನು ಮಂಡಿನೋವಿನ ಮಾತೆತ್ತುವಷ್ಟರಲ್ಲಿ ಅವ್ವ ಕುರ್ಚಿಯ ಕೈ ಹಿಡಿದು ಎದ್ದಾಗಿತ್ತು. ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದಳು. ನಾಲ್ಕು ಹೆಜ್ಜೆ ನಡೆದು ನಿಂತು, ಗದ್ದ ಎತ್ತಿ, ಖಾಲಿಯಾದ ಥಿಯೇಟರಿನ ಕಡೆಯ ಸಾಲನ್ನು ಎಡದಿಂದ ಬಲಕ್ಕೆ ಒಮ್ಮೆ ನೋಡಿದಳು. ಮಾತಾಡಲಿಲ್ಲ. ಆ ನಿಲುವು ಲೀಲಮ್ಮನದೋ, ಇಷ್ಟು ವರ್ಷ ಒಳಗಿಟ್ಟುಕೊಂಡು ಅವ್ವನದೇ ಆಗಿತ್ತೋ! ಆ ಗಳಿಗೆಯಲ್ಲಿ ಅವ್ವ ನನಗೆ ಗುರುತು ಸಿಗಲಿಲ್ಲ.

ಆ ಹುಡುಗಿ ಪಕ್ಕದಲ್ಲಿ ನಿಂತು ತಾನೂ ಸೆರಗು ಸಿಕ್ಕಿಸಿ ನಾಲ್ಕು ಹೆಜ್ಜೆ ಇಟ್ಟಳು.

"ಇಲ್ಲ, ಮುಂದಿನ ಸಾಲನ್ನು ನೋಡುತ್ತಿದ್ದೀಯ" ಎಂದಳು ಅವ್ವ. "ಅವರು ಹೇಗೂ ನೋಡುತ್ತಾರೆ. ಅಲ್ಲಿ, ಕೊನೆಗೆ ನೋಡು. ನಾವು ಅಲ್ಲಿ ಕೂರುತ್ತಿದ್ದೆವು."

ಅವಳು ಹಿಂದಕ್ಕೆ ಹೋಗಿ ಮತ್ತೆ ಮೊದಲಿನಿಂದ ನಡೆದು ಬಂದಳು.