ಅಂಟು ಹಿಡಿಯದ ತಗಡು

ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಾನು ಕೆಲಸಕ್ಕಿದ್ದಾಗಿನ ಮಾತು. ಅಲ್ಯೂಮಿನಿಯಂ ತಗಡಿನ ಬೆನ್ನಿಗೆ ಎಪಾಕ್ಸಿ ಅಂಟಿನಿಂದ ಪಟ್ಟಿ ಅಂಟಿಸಿ ಪ್ಯಾನೆಲ್ ಮಾಡಿಕೊಡುತ್ತಿದ್ದೆವು. ಒಂದು ಬೆಳಿಗ್ಗೆ ಗಿರಾಕಿಯೊಬ್ಬರು ಪ್ಯಾನೆಲ್‌ಗಳನ್ನು ವಾಪಸ್ ತಂದು ಇಳಿಸಿದರು. ಪಟ್ಟಿಗಳು ಬರಿಗೈಯಲ್ಲೇ ಎದ್ದು ಬರುತ್ತಿದ್ದವು.

ಅಂಟೇ ಕಳಪೆ ಇರಬೇಕು ಅಂತ ಎಲ್ಲರೂ ಮಾತಾಡಿಕೊಂಡರು. ನಮ್ಮ ಹಿರಿಯ ಫಿಟ್ಟರ್ ಮಾತ್ರ ಕಿತ್ತುಬಂದ ಜಾಗವನ್ನು ಬೆಳಕಿಗೆ ಹಿಡಿದರು. ಅಂಟೆಲ್ಲ ಪಟ್ಟಿಯಲ್ಲೇ ಉಳಿದಿತ್ತು. ತಗಡು ಬೋಳಾಗಿ ಹೊಳೆಯುತ್ತಿತ್ತು. "ಅಂಟು ಸೋತಿದ್ದರೆ ನಡುವೆ ಸೀಳಿ ಎರಡೂ ಕಡೆ ಉಳಿಯಬೇಕಿತ್ತು. ಇದು ತಗಡನ್ನು ಹಿಡಿದೇ ಇಲ್ಲ ಕಣಪ್ಪ" ಅಂದರು.

ಆದರೆ ನಾವು ಮಾಡುತ್ತಿದ್ದ ಕ್ರಮ ಸರಿಯಾಗೇ ಇತ್ತಲ್ವಾ? ಮೊದಲು ಅಸಿಟೋನ್ ಹಾಕಿ ಜಿಡ್ಡು ಒರೆಸುವುದು, ಆಮೇಲೆ 120 ನಂಬರಿನ ಎಮರಿ ಪೇಪರಿನಲ್ಲಿ ಉಜ್ಜುವುದು, ಮತ್ತೆ ಅಸಿಟೋನ್. ಜಿಡ್ಡು ತೆಗೆಯದೆ ಉಜ್ಜಿದರೆ ಅದು ಗೀರುಗಳೊಳಗೇ ಕೂತುಬಿಡುತ್ತದೆ. ಅದು ಎಲ್ಲರಿಗೂ ಗೊತ್ತಿತ್ತು.

"ಕಣ್ಣಿಗೆ ಗೊತ್ತಾಗಲ್ಲ, ನೀರನ್ನೇ ಕೇಳೋಣ" ಅಂತ ಅವರು ಡಿಸ್ಟಿಲ್ಡ್ ವಾಟರ್ ತರಿಸಿದರು. ಲೋಹ ಶುದ್ಧವಾಗಿದ್ದರೆ ನೀರು ತೆಳುವಾಗಿ, ಎಲ್ಲೂ ಒಡೆಯದೆ ಹರಡಿ ನಿಲ್ಲುತ್ತದೆ. ಒಂಚೂರು ಎಣ್ಣೆ ಇದ್ದರೂ ಕೆಸುವಿನ ಎಲೆ ಮೇಲಿನ ಹಾಗೆ ಹನಿಹನಿಯಾಗಿ ಸರಿಯುತ್ತದೆ. ಒಂದೊಂದು ಹಂತ ಮುಗಿದ ಮೇಲೂ ಒಂದು ತುಂಡು ತಗಡನ್ನು ಪಕ್ಕಕ್ಕಿಟ್ಟು ಪರೀಕ್ಷಿಸಿದೆವು. ಎರಡನೇ ಸಲ ಅಸಿಟೋನ್‌ನಲ್ಲಿ ಒರೆಸಿದ ತುಂಡಿನ ಮೇಲೆ ನೀರು ಚೆನ್ನಾಗಿ ಹರಡಿತು. ಅಲ್ಲಿಗೆ ಕೆಲಸ ಮುಗಿದಿರಬೇಕಿತ್ತು. ಆದರೆ ನಮ್ಮಲ್ಲಿ ಕೊನೆಗೊಮ್ಮೆ ಏರ್ ಗನ್‌ನಲ್ಲಿ ಗಾಳಿ ಹೊಡೆಯುವ ರೂಢಿ ಇತ್ತು, ಬೇಗ ಒಣಗಲಿ ಅಂತ. ಗಾಳಿ ಹೊಡೆದ ತುಂಡಿನ ಮೇಲೆ ನೀರು ಹನಿ ಕಟ್ಟಿತು!

ಬಿಳಿ ಕಾಗದಕ್ಕೆ ಅದೇ ಗಾಳಿಯನ್ನು ಒಂದಷ್ಟು ಹೊತ್ತು ಬಿಟ್ಟೆವು. ನಸುಹಳದಿ ಚುಕ್ಕೆಗಳು ಬಿದ್ದವು. ಕಂಪ್ರೆಸರಿನ ಆಯಿಲ್ ಗಾಳಿಯ ಜೊತೆ ಬರುತ್ತಿತ್ತು. ಅಷ್ಟು ಕಷ್ಟಪಟ್ಟು ತೆಗೆದ ಜಿಡ್ಡನ್ನು ಕೊನೆಗೆ ನಾವೇ ಸಿಂಪಡಿಸುತ್ತಿದ್ದೆವು.

ವಿಮಾನದ ಕೆಲಸದಲ್ಲಿ ಅಲ್ಯೂಮಿನಿಯಮ್ಮನ್ನು ಫಾಸ್ಫಾರಿಕ್ ಆಸಿಡ್‌ನಲ್ಲಿ ಆನೊಡೈಸ್ ಮಾಡಿ, ಅಂದರೆ ಕರೆಂಟ್ ಹಾಯಿಸಿ ಮೇಲೆ ಆಕ್ಸೈಡ್ ಪದರ ಬೆಳೆಸಿ, ಪ್ರೈಮರ್ ಹಚ್ಚಿ ಅಂಟಿಸುತ್ತಾರೆ. ಮಳೆ, ತೇವ ತಡೆದು ವರ್ಷಗಟ್ಟಲೆ ಬಾಳಬೇಕಾದರೆ ಅಂಥದ್ದೇ ಬೇಕು. ನಮ್ಮದು ಒಳಾಂಗಣಕ್ಕೆ ಹೋಗುವ ಪ್ಯಾನೆಲ್. ಉಜ್ಜಿ ಒರೆಸುವುದೇ ಸಾಕು, ನಿಜವಾಗಿ ಶುದ್ಧವಾಗಿದ್ದರೆ.

ಗಾಳಿ ಹೊಡೆಯುವುದನ್ನು ಅವತ್ತೇ ನಿಲ್ಲಿಸಿದೆವು. ಬಟ್ಟೆಯನ್ನು ಡಬ್ಬಿಯಲ್ಲಿ ಅದ್ದುವ ಬದಲು ಅಸಿಟೋನನ್ನು ಬಟ್ಟೆಯ ಮೇಲೆ ಸುರಿದುಕೊಳ್ಳತೊಡಗಿದೆವು, ಇಲ್ಲದಿದ್ದರೆ ಡಬ್ಬಿಯೇ ಕೊಳೆಯಾಗುತ್ತದೆ. ಅದು ಆರುವ ಮೊದಲೇ ಒಣ ಬಟ್ಟೆಯಲ್ಲಿ ಒರೆಸುವುದು, ಸುಮ್ನೆ ಬಿಟ್ಟರೆ ಕರಗಿದ ಜಿಡ್ಡು ಅಲ್ಲೇ ಉಳಿಯುತ್ತದೆ. ಆಮೇಲೆ ಬರಿಗೈ ತಾಗಿಸದೆ, ಜಾಸ್ತಿ ಹೊತ್ತು ಬಿಡದೆ ಅಂಟಿಸುವುದು.

ಹೊಸದಾಗಿ ಅಂಟಿಸಿದ ಸ್ಯಾಂಪಲ್ಲನ್ನು ಅಂಟು ಪೂರ್ತಿ ಗಟ್ಟಿಯಾದ ಮೇಲೆ ಉಳಿ ಹಾಕಿ ಎಬ್ಬಿಸಿದೆವು. ಸುತ್ತಿಗೆ ಏಟು ಬೇಕಾಯಿತು. ಪಟ್ಟಿ ಬಗ್ಗಿ ಕಿತ್ತುಬಂದಾಗ ಎರಡೂ ಕಡೆ ಅಂಟು ಉಳಿದಿತ್ತು. ಫಿಟ್ಟರ್ ಅದನ್ನು ತಿರುಗಿಸಿ ನೋಡಿ, "ಈಗ ಕೆಲಸ ಶುರು ಮಾಡಿ" ಅಂದರು.